ಕಾರಾಗೃಹವೂ ಅಪರಾಧಿಯೂ: ನಾರ್ಫೋಕ್ ದ್ವೀಪದ ವೃತ್ತಾಂತ

ಸೆರೆಮನೆಯಿಂದ ಆಗತಕ್ಕ ಪ್ರಯೋಜನವೇನೆಂಬ ವಿಷಯದಲ್ಲಿ ನಮ್ಮ ಪ್ರಾಚೀನ ಶಾಸ್ತ್ರಕಾರರು ಏಕಮತರಾಗಿರಲಿಲ್ಲ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ, ಅರಸನು ಸೆರೆಮನೆಗಳನ್ನೆಲ್ಲ ರಾಜಮಾರ್ಗದ ಪಕ್ಕದಲ್ಲಿಯೇ ಇರಿಸತಕ್ಕದ್ದೆಂದು ವಿಧಿಸಿದೆ. ಒಳಗೆ ಕ್ಲೇಶಪಡುತ್ತಿರುವ ಪಾಪಿಗಳು ಹೋಗಿಬರುವ ಜನರ ಕಣ್ಣಿಗೆ ಬೀಳಬೇಕು, ಕಂಡವರು ಅಂಜಬೇಕು ಎಂಬುದೇ ಇದರ ಉದ್ದೇಶ. ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಸೇರಿ, 1909ರಲ್ಲಿ ಮುದ್ರಿತವಾಗಿ ಬೆಳಕು ಕಂಡ ಕೌಟಿಲ್ಯನ ಅರ್ಥಶಾಸ್ತ್ರವಾದರೋ ಬೇರೊಂದು ಮಾತನ್ನು ಹೇಳುತ್ತದೆ. ಪ್ರತಿದಿನವಾಗಲಿ ಐದು ರಾತ್ರಿಗಳಿಗೊಮ್ಮೆಯಾಗಲಿ ಬಂಧನದಲ್ಲಿರುವವರ ವಿಷಯವನ್ನು ನೋಡಿ, ಕೆಲಸದಿಂದಲೋ ದೇಹದಂಡನೆಯಿಂದಲೋ ಹಣದಿಂದಲೋ ಅವರ ಲೆಕ್ಕವನ್ನು ತೀರಿಸಬೇಕೆಂಬುದು ಅದರ ಕಟ್ಟಳೆ. ಕೈದಿಗಳನ್ನು ಪೀಡಿಸಿದ ಬಂಧನಾಗಾರದ ಅಧ್ಯಕ್ಷನಿಗೇ ಅಲ್ಲಿ ದಂಡವುಂಟು. ಒಂದರಲ್ಲಿ ಸೆರೆಮನೆಯು ನೋಡುವವನಿಗೆ ಕಲಿಸುವ ಪಾಠವಾಗಿದೆ. ಇನ್ನೊಂದರಲ್ಲಿ ಒಳಗಿರುವವನು ತೀರಿಸಿ ಹೊರಬರಬೇಕಾದ ಸಾಲವಾಗಿದೆ.

ಈ ಎರಡು ಮತಗಳ ವಿವಾದವು ಇಂದಿಗೂ ಮುಗಿದಿಲ್ಲ. ಸೆರೆಮನೆಯಿಲ್ಲದಿದ್ದರೆ ಕಳ್ಳಕಾಕರಿಗೆ ಭಯವೆಲ್ಲಿಯದು ಎಂದು ಒಂದು ಪಕ್ಷದವರು ಕೇಳುತ್ತಾರೆ. ಒಂದು ಸಲ ತಪ್ಪಿದವನು ಸೆರೆಮನೆಯನ್ನು ಹೊಕ್ಕು ನೂರು ವಿದ್ಯೆಗಳನ್ನು ಕಲಿತು ಹೊರಬರುತ್ತಾನೆಂದು ಇನ್ನೊಂದು ಪಕ್ಷದವರು ಉತ್ತರ ಕೊಡುತ್ತಾರೆ. ಇಂತಹ ವಾದಗಳು ಬರಿಯ ಊಹೆಯಿಂದ ತೀರುವಂಥವಲ್ಲ. ಒಂದೇ ಸ್ಥಳದಲ್ಲಿ, ಒಂದೇ ಬಗೆಯ ಅಪರಾಧಿಗಳ ಮೇಲೆ, ಬೇರೆ ಬೇರೆ ವಿಧಾನಗಳು ಒಂದರ ಹಿಂದೊಂದಾಗಿ ನಡೆದ ನಿದರ್ಶನವು ಸಿಕ್ಕಿದರೆ ಅದನ್ನು ಪರಾಮರ್ಶಿಸಬಹುದು. ಅಂತಹ ನಿದರ್ಶನವೊಂದು ಚರಿತ್ರೆಯಲ್ಲಿ ಉಂಟು. ಅದು ಶಾಂತಸಾಗರದ ನಡುವಣ ನಾರ್ಫೋಕ್ ಎಂಬ ಪುಟ್ಟ ದ್ವೀಪದಲ್ಲಿ ನಡೆದದ್ದು.

ಆಸ್ಟ್ರೇಲಿಯಾದ ಸಿಡ್ನಿ ನಗರದಿಂದ ಸುಮಾರು ಸಾವಿರ ಮೈಲಿ ದೂರದಲ್ಲಿ, ಐದು ಮೈಲಿ ಉದ್ದ ಮೂರು ಮೈಲಿ ಅಗಲದ ಈ ದ್ವೀಪವನ್ನು 1774ರಲ್ಲಿ ನಾವಿಕನಾದ ಕುಕ್ಕನು ಕಂಡನು. ನೋಟಕ್ಕೆ ಅತಿ ರಮಣೀಯವಾದ ಭೂಮಿ. ನೆಟ್ಟಗೆ ಬೆಳೆದ ಪೈನ್ ಮರಗಳು, ಸುತ್ತಲೂ ಕಡಿದಾದ ಬಂಡೆಗಳು, ಹಡಗು ತಂಗುವುದಕ್ಕೆ ರೇವೇ ಇಲ್ಲ. ಆಂಗ್ಲರು ತಮ್ಮ ದೇಶದ ಅಪರಾಧಿಗಳನ್ನು 1788ರಿಂದ ಆಸ್ಟ್ರೇಲಿಯಾಕ್ಕೆ ದ್ವೀಪಾಂತರ ಶಿಕ್ಷೆಯ ಮೇಲೆ ಕಳುಹಿಸುತ್ತಿದ್ದರಷ್ಟೆ. ಹಾಗೆ ಬಂದವರು ಅಲ್ಲಿಯೂ ಮತ್ತೆ ಅಪರಾಧ ಮಾಡಿದರೆ ಅವರನ್ನು ಎಲ್ಲಿಗೆ ಕಳುಹಿಸಬೇಕೆಂಬ ಪ್ರಶ್ನೆಗೆ, 1825ರಿಂದ ನಾರ್ಫೋಕ್ ದ್ವೀಪವು ಉತ್ತರವಾಯಿತು. ಅಲ್ಲಿಗೆ ಹೋದವನಿಗೆ ಮರಳಿ ಬರುವ ಆಸೆಯೇ ಇರಕೂಡದೆಂಬುದು ಗವರ್ನರ್ ಬ್ರಿಸ್ಬೇನನ ಸಂಕಲ್ಪವಾಗಿದ್ದಿತು. ಅವನ ತರುವಾಯ ಬಂದ ಡಾರ್ಲಿಂಗನು, ಮರಣದಂಡನೆಯೊಂದನ್ನುಳಿದು ಮಿಕ್ಕೆಲ್ಲ ಶಿಕ್ಷೆಗಳಿಗಿಂತಲೂ ಅದು ಘೋರವಾಗಿರಬೇಕೆಂದು ಬಯಸಿದನು. ಇಬ್ಬರ ಇಷ್ಟವೂ ಪೂರ್ಣವಾಗಿ ನೆರವೇರಿತು.

ಹದಿನೈದು ವರ್ಷಗಳ ಕಾಲ ಆ ದ್ವೀಪದಲ್ಲಿ ನಡೆದುದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಕಾಲಿಗೆ ಕೋಳ, ಬೆನ್ನಿಗೆ ಕೊರಡೆ, ಕತ್ತಲೆಕೋಣೆ, ಇವೇ ಅಲ್ಲಿಯ ಆಡಳಿತದ ಸಾಧನಗಳು. 1834ರ ಜನವರಿಯಲ್ಲಿ ಕೈದಿಗಳು ದಂಗೆಯೆದ್ದರು. ದಂಗೆಯನ್ನು ಅಡಗಿಸಿ ಅನೇಕರಿಗೆ ಮರಣದಂಡನೆಯನ್ನು ವಿಧಿಸಲಾಯಿತು. ಅವರಲ್ಲಿ ಕೆಲವರ ಶಿಕ್ಷೆ ಮಾತ್ರ ಸಿಡ್ನಿಯಲ್ಲಿ ಸ್ಥಿರವಾಯಿತು, ಉಳಿದವರಿಗೆ ಜೀವದಾನವಾಯಿತು. ಸಾಯತಕ್ಕವರಿಗೆ ಅಂತ್ಯಕಾಲದ ಧರ್ಮೋಪದೇಶವನ್ನು ಮಾಡುವುದಕ್ಕಾಗಿ ಉಲ್ಲಥಾರ್ನ್ ಎಂಬ ಕ್ಯಾಥೊಲಿಕ್ ಪಾದ್ರಿಯು ದ್ವೀಪಕ್ಕೆ ಬಂದನು. ಯಾರು ಬದುಕತಕ್ಕವರು, ಯಾರು ಸಾಯತಕ್ಕವರು ಎಂಬುದನ್ನು ತಿಳಿಸುವ ಕೆಲಸವೂ ಅವನ ಪಾಲಿಗೇ ಬಂದಿತು. ಅವನು ಹೆಸರುಗಳನ್ನು ಓದುತ್ತ ಹೋದಂತೆ, ಸಾವು ನಿಶ್ಚಯವಾದವರು ಒಬ್ಬೊಬ್ಬರಾಗಿ ಮೊಣಕಾಲೂರಿ ದೇವರನ್ನು ವಂದಿಸಿದರೆಂದೂ, ಜೀವ ಉಳಿದವರ ಮುಖದಲ್ಲಿ ಮಾತ್ರ ಸಂತೋಷದ ಚಿಹ್ನೆಯೇ ಕಾಣಲಿಲ್ಲವೆಂದೂ ಅವನು ತರುವಾಯ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದನು. ಆ ವರ್ಷದ ಸೆಪ್ಟೆಂಬರಿನಲ್ಲಿ 13 ಜನರು ಗಲ್ಲಿಗೇರಿದರು.

ಮರಣಕ್ಕಿಂತ ಜೀವನವೇ ಭಯಂಕರವಾಗಿರುವಲ್ಲಿ ಭಯದಿಂದ ಅಪರಾಧವನ್ನು ತಡೆಯುವ ಬಗೆ ಹೇಗೆ? ಕಳೆದುಕೊಳ್ಳತಕ್ಕದ್ದು ಏನಾದರೂ ಇದ್ದವನಿಗೆ ಭಯವುಂಟು. ಏನೂ ಇಲ್ಲದವನಿಗೆ ಕೊರಡೆಯ ಏಟು ನೂರಾದರೇನು, ಇನ್ನೂರಾದರೇನು! ಮನುವಿನ ಮತವು ರಾಜಮಾರ್ಗದಲ್ಲಿ ನಡೆಯುವವನಿಗೆ ಅನ್ವಯಿಸಬಹುದು. ನಾರ್ಫೋಕ್ ದ್ವೀಪದ ಪಕ್ಕದಲ್ಲಿ ರಾಜಮಾರ್ಗವೂ ಇರಲಿಲ್ಲ. ನೋಡಿ ಅಂಜುವುದಕ್ಕೆ ದಾರಿಹೋಕರೂ ಇರಲಿಲ್ಲ.

ಇಂತಹ ಸ್ಥಳಕ್ಕೆ 1840ರ ಮಾರ್ಚಿಯಲ್ಲಿ ಹೊಸ ಅಧಿಕಾರಿಯಾಗಿ ಬಂದವನು ಅಲೆಕ್ಸಾಂಡರ್ ಮೆಕಾನಕಿ. ಇವನು 1787ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಹುಟ್ಟಿ, ಚಿಕ್ಕ ವಯಸ್ಸಿನಲ್ಲಿಯೇ ನೌಕಾಸೈನ್ಯವನ್ನು ಸೇರಿದವನು. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ, 1811ರ ಚಳಿಗಾಲದಲ್ಲಿ ಇವನ ಹಡಗು ಶತ್ರುಗಳ ವಶವಾಗಿ, ಇವನು ಫ್ರಾನ್ಸಿನ ವರ್ಡನ್ ಕೋಟೆಯಲ್ಲಿ 1814ರವರೆಗೂ ಸೆರೆಯಲ್ಲಿದ್ದನು. ಸೆರೆಮನೆಯ ಸುಧಾರಣೆಯನ್ನು ಕುರಿತು ಗ್ರಂಥ ಬರೆದವರು ಬಹು ಮಂದಿ. ತಾವೇ ಎರಡು ಮೂರು ವರ್ಷ ಸೆರೆಯಲ್ಲಿದ್ದು ಆಮೇಲೆ ಸೆರೆಮನೆಯನ್ನು ಆಳಿದವರು ವಿರಳ. ಮುಂದೆ ಇವನು 1830ರಲ್ಲಿ ಲಂಡನ್ನಿನ ಭೂಗೋಳ ಸಂಘದ ಮೊದಲನೆಯ ಕಾರ್ಯದರ್ಶಿಯೂ, 1833ರಲ್ಲಿ ಅಲ್ಲಿಯ ಯೂನಿವರ್ಸಿಟಿ ಕಾಲೇಜಿನಲ್ಲಿ ಭೂಗೋಳಶಾಸ್ತ್ರದ ಮೊದಲನೆಯ ಪ್ರಾಧ್ಯಾಪಕನೂ ಆದನು. ಇಂದು ಟಾಸ್ಮೇನಿಯಾ ಎನ್ನಿಸಿಕೊಳ್ಳುವ ದ್ವೀಪಕ್ಕೆ ಸರ್ ಜಾನ್ ಫ್ರಾಂಕ್ಲಿನ್ನನು ರಾಜ್ಯಪಾಲನಾಗಿ ಹೊರಟಾಗ ಅವನ ಕಾರ್ಯದರ್ಶಿಯಾಗಿ ಮೆಕಾನಕಿಯೂ ಹೋದನು. ಅಲ್ಲಿ ಕೈದಿಗಳ ಸ್ಥಿತಿಯನ್ನು ಕಂಡು, ಇದು ಆಳುವವರನ್ನೂ ಆಳಿಸಿಕೊಳ್ಳುವವರನ್ನೂ ಒಂದೇ ಸಮನಾಗಿ ಕೆಡಿಸುವ ಪದ್ಧತಿಯೆಂದು ವರದಿ ಬರೆದನು. ಅದು 1838ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಕೂಡಲೆ ಅವನ ಕೆಲಸವು ಹೋಯಿತು. ಎರಡು ವರ್ಷಗಳ ಅನಂತರ, ಹೇಳಿದ್ದನ್ನು ಮಾಡಿ ತೋರಿಸೆಂಬಂತೆ ನಾರ್ಫೋಕ್ ದ್ವೀಪವು ಅವನ ಕೈಗೆ ಬಂದಿತು.

ಮೆಕಾನಕಿಯ ಸಿದ್ಧಾಂತದ ಸಾರವು ಇಷ್ಟು. ನ್ಯಾಯಾಧಿಪತಿಯು ಅಪರಾಧಿಗೆ ಏಳು ವರ್ಷ, ಹತ್ತು ವರ್ಷ ಎಂದು ಕಾಲವನ್ನು ವಿಧಿಸುವುದೇ ತಪ್ಪು. ಕಾಲವು ತಾನಾಗಿಯೇ ಕಳೆಯುತ್ತದೆ. ದುಡಿದವನಿಗೂ ಕಳೆಯುತ್ತದೆ, ಸೋಮಾರಿಗೂ ಕಳೆಯುತ್ತದೆ. ಆದಕಾರಣ ಕಾಲಕ್ಕೆ ಬದಲಾಗಿ ಒಂದು ಪ್ರಮಾಣದ ಕೆಲಸವನ್ನೂ ಸದ್ವರ್ತನೆಯನ್ನೂ ಸಾಲದಂತೆ ಹೊರಿಸಬೇಕು. ಏಳು ವರ್ಷದ ಶಿಕ್ಷೆಗೆ 6,000 ಅಂಕಗಳು, ಹತ್ತು ವರ್ಷಕ್ಕೆ 7,000, ಯಾವಜ್ಜೀವ ಶಿಕ್ಷೆಗೆ 8,000. ದಿನದ ನಿಯತವಾದ ದುಡಿಮೆಗೆ ಹತ್ತು ಅಂಕಗಳು. ಹೆಚ್ಚು ದುಡಿದರೆ ಹೆಚ್ಚು ಅಂಕ. ತಪ್ಪು ಮಾಡಿದರೆ ಕೊರಡೆಯ ಬದಲು ಅಂಕಗಳ ನಷ್ಟ. ಹೊಟ್ಟೆಗೆ ಸಾಕಾಗುವಷ್ಟು ಸಾಮಾನ್ಯ ಆಹಾರಕ್ಕೆ ಮೇಲ್ಪಟ್ಟು ಏನು ಬೇಕಾದರೂ ಅದನ್ನು ಅಂಕಗಳಿಂದಲೇ ಕೊಳ್ಳಬೇಕು. ಕೊಳ್ಳದೆ ಕೂಡಿಟ್ಟವನು ಬೇಗ ಹೊರಗೆ ಹೋಗುವನು. ಆಮೇಲೆ ಆರಾರು ಮಂದಿ ತಾವಾಗಿ ಒಂದು ಗುಂಪಾಗಬೇಕು. ಒಬ್ಬನ ತಪ್ಪಿಗೆ ಆರು ಮಂದಿಯ ಅಂಕಗಳೂ ಕಡಮೆಯಾಗತಕ್ಕದ್ದು. ಹೀಗೆ ಇಂದಿನ ಸುಖವನ್ನು ನಾಳಿನ ಹಿತಕ್ಕಾಗಿ ಬಿಡುವುದನ್ನೂ, ತನ್ನ ನಡತೆಯ ಫಲವು ನೆರೆಯವನನ್ನು ಮುಟ್ಟುತ್ತದೆಂಬುದನ್ನೂ ಕೈದಿಯು ಸೆರೆಮನೆಯಲ್ಲಿಯೇ ಕಲಿಯುವನು. ಬಾಗಿಲಿನ ಬೀಗದ ಕೈಯು ಕಾವಲುಗಾರನ ಸೊಂಟದಲ್ಲಲ್ಲ, ಕೈದಿಯ ಕೈಯಲ್ಲಿಯೇ ಇರತಕ್ಕದ್ದೆಂಬುದು ಇದರ ತಾತ್ಪರ್ಯ.

ಇದು ಮೆದುಳಿನಲ್ಲಿ ಹೆಣೆದ ಸೊಗಸಾದ ಯುಕ್ತಿಯೆಂದು ಯಾರಾದರೂ ನಗಬಹುದು. ಸಿಡ್ನಿಯ ಪತ್ರಿಕೆಗಳು ನಕ್ಕುವು. ದ್ವೀಪದಲ್ಲಿ ಆಗ ಎರಡನೆಯ ಸಲ ಅಪರಾಧ ಮಾಡಿ ಬಂದ ಹಳಬರು ಸುಮಾರು 1,200 ಮಂದಿ ಇದ್ದರು. ಇಂಗ್ಲೆಂಡಿನಿಂದ ನೇರವಾಗಿ ಬಂದ ಹೊಸಬರು ಬೇರೆ. ಹೊಸ ಪದ್ಧತಿಯನ್ನು ಹೊಸಬರ ಮೇಲೆ ಮಾತ್ರವೇ ನಡೆಯಿಸಬೇಕು, ಹಳಬರ ಗೊಡವೆ ಕೂಡದು ಎಂದು ಗವರ್ನರ್ ಗಿಪ್ಸನ ಆಜ್ಞೆಯಾಗಿತ್ತು. ಇಷ್ಟು ಚಿಕ್ಕ ದ್ವೀಪದಲ್ಲಿ ಒಂದು ಗೋಡೆಯ ಈಚೆ ಆಸೆಯನ್ನೂ ಆಚೆ ನಿರಾಶೆಯನ್ನೂ ಇಡುವುದು ಮೆಕಾನಕಿಗೆ ಅಸಂಗತವಾಗಿ ತೋರಿತು. ಅವನು ಎಲ್ಲರಿಗೂ ಅಂಕಗಳನ್ನು ಕೊಟ್ಟನು.

1840ರ ಮೇ 25ರಂದು ವಿಕ್ಟೋರಿಯಾ ರಾಣಿಯ ಜನ್ಮೋತ್ಸವವನ್ನು ದ್ವೀಪದಲ್ಲಿ ಆಚರಿಸಲಾಯಿತು. ಸೆರೆಮನೆಯ ಬಾಗಿಲುಗಳನ್ನು ಬೆಳಗ್ಗೆಯೇ ತೆರೆದರು. ಇಂಗ್ಲೆಂಡ್ ದೇಶವು ತನ್ನ ಮಕ್ಕಳಲ್ಲಿ ಅತ್ಯಂತ ದುಷ್ಟರೆಂದು ಎರಡು ಸಲ ಹೊರಗೆ ಹಾಕಿದ್ದ ಜನರು ದಿನವೆಲ್ಲ ದ್ವೀಪದಲ್ಲಿ ಯಥೇಚ್ಛವಾಗಿ ತಿರುಗಾಡಿದರು, ಸಮುದ್ರದಲ್ಲಿ ಮಿಂದರು, ಒಳ್ಳೆಯ ಊಟ ಮಾಡಿದರು, ಸ್ವಲ್ಪವೇ ರಮ್ ಬೆರೆಸಿದ ನಿಂಬೆಯ ಪಾನಕದಿಂದ ರಾಣಿಯ ಆಯುರಾರೋಗ್ಯವನ್ನು ಹಾರೈಸಿದರು. ಸಾಯಂಕಾಲ ಕೈದಿಗಳೇ ನಾಟಕವಾಡಿದರು, ಬಾಣಬಿರುಸುಗಳಾದುವು. ರಾತ್ರಿ ಕಹಳೆಯನ್ನು ಊದಿದಾಗ ಎಲ್ಲರೂ ತಮ್ಮ ತಮ್ಮ ಕೋಣೆಗಳಿಗೆ ಹಿಂದಿರುಗಿದರು. ಕಳವಿಲ್ಲ, ಹೊಡೆದಾಟವಿಲ್ಲ, ಓಡಿಹೋಗುವ ಪ್ರಯತ್ನವಿಲ್ಲ. ಈ ಸುದ್ದಿ ಸಿಡ್ನಿಗೆ ಮುಟ್ಟಿದಾಗ, ಶಾಂತಿಯಿಂದಿದ್ದರೆಂಬ ಸಂತೋಷಕ್ಕಿಂತ, ಕೈದಿಗಳು ಪಾನಕ ಕುಡಿದರೆಂಬ ಕೋಪವೇ ಅಲ್ಲಿ ಹೆಚ್ಚಾಯಿತು.

ಅಲ್ಲಿಂದ ಮುಂದೆ ನಾಲ್ಕು ವರ್ಷ ಮೆಕಾನಕಿಯು ದ್ವೀಪವನ್ನು ಆಳಿದನು. ಸದಾ ಕಣ್ಣಿಗೆ ಕಾಣುವಂತೆ ನಿಲ್ಲಿಸಿದ್ದ ಗಲ್ಲುಮರವನ್ನು ಕೀಳಿಸಿದನು. ಕ್ಯಾಥೊಲಿಕರಿಗೂ ಪ್ರಾಟೆಸ್ಟಂಟರಿಗೂ ಬೇರೆ ಬೇರೆ ಪ್ರಾರ್ಥನಾಮಂದಿರಗಳನ್ನು ಕಟ್ಟಿಸಿದನು. ಪುಸ್ತಕಗಳನ್ನೂ ವಾದ್ಯಗಳನ್ನೂ ತರಿಸಿದನು. ಚಾಕು ಮುಳ್ಳುಗಳಿಂದ ಉಣ್ಣುವುದಕ್ಕೆ ಬಿಟ್ಟನು. ತರಕಾರಿ ಬೆಳೆದುಕೊಳ್ಳುವುದಕ್ಕೆ ತುಂಡು ನೆಲಗಳನ್ನು ಕೊಟ್ಟನು. ಸತ್ತ ಕೈದಿಯ ಗೋರಿಯ ಮೇಲೆ ಅವನ ಹೆಸರನ್ನು ಕೆತ್ತಿದ ಕಲ್ಲನ್ನು ನಿಲ್ಲಿಸಲು ಅಪ್ಪಣೆಯಿತ್ತನು.

ಅವನ ಕಾಲದ ಒಬ್ಬ ಕೈದಿಯ ವೃತ್ತಾಂತವನ್ನು ಇಲ್ಲಿ ಹೇಳಬಹುದು. ಚಾರಲ್ಸ್ ಆಂಡರ್ಸನ್ ಎಂಬವನು ಅನಾಥನಾಗಿ ಬೆಳೆದ ನಾವಿಕ. 1827ರ ನವಾರಿನೋ ಯುದ್ಧದಲ್ಲಿ ತಲೆಗೆ ಪೆಟ್ಟುಬಿದ್ದು, ಅಂದಿನಿಂದ ಬುದ್ಧಿಸ್ಥಿಮಿತವು ತಪ್ಪುತ್ತಿತ್ತು. ಮದ್ಯದ ಅಮಲಿನಲ್ಲಿ ಮಾಡಿದ ತಪ್ಪಿಗಾಗಿ ದ್ವೀಪಾಂತರಕ್ಕೆ ಬಂದ ಇವನು ಎಷ್ಟು ಹೊಡೆದರೂ ಬಗ್ಗದೆ ಇದ್ದುದರಿಂದ, ಸಿಡ್ನಿಯ ರೇವಿನ ಬಂಡೆಯೊಂದಕ್ಕೆ ಅವನನ್ನು ಸರಪಳಿಯಿಂದ ಕಟ್ಟಿಹಾಕಿದ್ದರು. ದೋಣಿಯಲ್ಲಿ ಹೋಗುವವರು ಅವನತ್ತ ರೊಟ್ಟಿಯ ಚೂರುಗಳನ್ನು ಎಸೆದು ವಿನೋದಪಡುತ್ತಿದ್ದರಂತೆ. ಕೊನೆಗೆ ನಾರ್ಫೋಕಿಗೆ ಬಂದ ಇವನಿಗೆ ಮೆಕಾನಕಿಯು ಮೊದಲು ಯಾರಿಗೂ ಪಳಗದ ಕೆಲವು ಎತ್ತುಗಳನ್ನು ಒಪ್ಪಿಸಿ, ಇನ್ನಾರೂ ಅವನ ತಂಟೆಗೆ ಹೋಗಕೂಡದೆಂದು ಕಟ್ಟುಮಾಡಿದನು. ಎತ್ತುಗಳು ಪಳಗಿದುವು, ಅವನೂ ಪಳಗಿದನು. ತರುವಾಯ ಬೆಟ್ಟದ ಮೇಲಣ ಸಂಕೇತಸ್ತಂಭವನ್ನು ನೋಡಿಕೊಳ್ಳುವ ಕೆಲಸವು ಅವನದಾಯಿತು. 1843ರಲ್ಲಿ ಗವರ್ನರ್ ಗಿಪ್ಸನು ಮುನ್ಸೂಚನೆಯಿಲ್ಲದೆ ದ್ವೀಪಕ್ಕೆ ಬಂದಾಗ, ನಾವಿಕವೇಷದಲ್ಲಿ ಚುರುಕಾಗಿ ಓಡಾಡುತ್ತಿದ್ದ ಒಬ್ಬನನ್ನು ಕಂಡು ಅವನಾರೆಂದು ಕೇಳಿದನು. ಬಂಡೆಗೆ ಕಟ್ಟಿಹಾಕಿದ್ದ ಮನುಷ್ಯನೇ ಅವನು!

ಗಿಪ್ಸನು ದ್ವೀಪವನ್ನೆಲ್ಲ ಸುತ್ತಿ, ಕೈದಿಗಳನ್ನು ಮಾತನಾಡಿಸಿ, ಎಲ್ಲೆಡೆಯಲ್ಲಿಯೂ ಶಾಂತಿಯೂ ಕ್ರಮವೂ ನೆಲಸಿವೆಯೆಂದು ವರದಿ ಬರೆದನು. ಮೂರು ವರ್ಷ ಸಂದೇಹದಿಂದಿದ್ದವನು ಕಣ್ಣಾರೆ ಕಂಡು ಒಪ್ಪಿದ ಮಾತಾದುದರಿಂದ ಇದಕ್ಕೆ ಬೆಲೆಯುಂಟು. ಆದರೆ ಈ ವರದಿಯು ಲಂಡನ್ನನ್ನು ಸೇರುವ ಮೊದಲೇ, ಖರ್ಚು ಹೆಚ್ಚಾಯಿತು, ಶಿಕ್ಷೆಯ ಭಯವು ಹೋಯಿತು ಎಂಬ ಕಾರಣಗಳ ಮೇಲೆ ಮೆಕಾನಕಿಯನ್ನು ಹಿಂದಕ್ಕೆ ಕರೆಯಿಸಿಕೊಳ್ಳುವ ನಿರ್ಧಾರವು ಅಲ್ಲಿ ಆಗಿಹೋಗಿತ್ತು. 1844ರ ಫೆಬ್ರವರಿಯಲ್ಲಿ ಅವನು ದ್ವೀಪವನ್ನು ಬಿಟ್ಟನು.

ಅವನ ಸ್ಥಾನಕ್ಕೆ ಮೇಜರ್ ಚೈಲ್ಡ್ಸನು ಬಂದನು. ಕಠಿನವಾಗಿ ನಡೆದುಕೊಳ್ಳಬೇಕೆಂಬ ಆಜ್ಞೆಯನ್ನು ಹೊತ್ತು ಬಂದ ಇವನು ಕೊರಡೆಯನ್ನು ಮರಳಿ ಕೈಗೆತ್ತಿಕೊಂಡನು. ತೋಟದ ತುಂಡುಗಳನ್ನು ಕಿತ್ತುಕೊಂಡನು. ಕೈದಿಗಳು ತಮಗೆ ಸಿಕ್ಕಿದ ಅಲ್ಪಸ್ವಲ್ಪ ಆಹಾರವನ್ನು ತಾವೇ ಬೇಯಿಸಿಕೊಳ್ಳುತ್ತಿದ್ದ ಪಾತ್ರೆಗಳು ಮಾತ್ರ ಉಳಿದಿದ್ದುವು. 1846ರ ಜೂನ್ ಕಡೆಯ ರಾತ್ರಿ ಅವುಗಳನ್ನೂ ಜಫ್ತಿ ಮಾಡಿದರು. ಮಾರನೆಯ ದಿನ, ಜುಲೈ 1ರಂದು, ಕೈದಿಗಳು ಉಗ್ರಾಣಕ್ಕೆ ನುಗ್ಗಿ ಪಾತ್ರೆಗಳನ್ನು ಮರಳಿ ಪಡೆದರು. ಅಷ್ಟಕ್ಕೇ ನಿಲ್ಲದೆ ವಿಲಿಯಂ ವೆಸ್ಟ್‌ವುಡ್ ಎಂಬವನ ನಾಯಕತ್ವದಲ್ಲಿ ಮುನ್ನುಗ್ಗಿ ನಾಲ್ವರು ನೌಕರರನ್ನು ಕೊಂದರು. ಅಕ್ಟೋಬರ್ 13ರಂದು 12 ಜನ ಕೈದಿಗಳನ್ನು ಗಲ್ಲಿಗೇರಿಸಿದರು. ಚೈಲ್ಡ್ಸನ ಬಳಿಕ ಬಂದ ಜಾನ್ ಪ್ರೈಸನು ಕ್ರೌರ್ಯದಲ್ಲಿ ಎಲ್ಲರನ್ನೂ ಮೀರಿಸಿದವನೆಂದು ಹೆಸರಾದನು. ಅವನೂ 1857ರಲ್ಲಿ ಮೆಲ್ಬರ್ನ್ ಸಮೀಪದ ವಿಲಿಯಮ್ಸ್‌ಟೌನಿನಲ್ಲಿ ಕೈದಿಗಳ ಕೈಯಲ್ಲಿಯೇ ಹತನಾದನು. ನಾರ್ಫೋಕ್ ದ್ವೀಪದ ಸೆರೆಮನೆಯು ಅದಕ್ಕೆ ಎರಡು ವರ್ಷಗಳ ಮುಂಚೆ, 1855ರಲ್ಲಿ, ಮುಚ್ಚಿಹೋಗಿದ್ದಿತು.

ಈ ವೃತ್ತಾಂತದಿಂದ ಏನನ್ನು ಸಿದ್ಧಪಡಿಸಬಹುದು, ಏನನ್ನು ಕೂಡದು ಎಂಬುದನ್ನು ಪಕ್ಷಪಾತವಿಲ್ಲದೆ ನೋಡಬೇಕು. ಮೆಕಾನಕಿಯ ಕೈಕೆಳಗಿಂದ ಬಿಡುಗಡೆಯಾದವರಲ್ಲಿ ಮತ್ತೆ ಅಪರಾಧ ಮಾಡಿ ಸಿಕ್ಕಿಬಿದ್ದವರು ನೂರಕ್ಕೆ ಮೂವರೊಳಗೆ ಎಂಬ ಲೆಕ್ಕವು ಗ್ರಂಥಗಳಲ್ಲಿ ಪ್ರಚಾರದಲ್ಲಿದೆ. ಅಂದಿನ ಕಾಲದಲ್ಲಿ ಬೆರಳಚ್ಚೂ ಇರಲಿಲ್ಲ, ದಾಖಲೆಗಳೂ ಇಂದಿನಂತಿರಲಿಲ್ಲ. ಹೆಸರು ಬದಲಿಸಿಕೊಂಡು ಬೇರೆ ಊರಿಗೆ ಹೋದವನನ್ನು ಗುರುತಿಸುವ ಬಗೆಯಿರಲಿಲ್ಲ. ಆದಕಾರಣ ಈ ಲೆಕ್ಕವನ್ನು ಭಾರವಾದ ವಾದಕ್ಕೆ ಆಧಾರಸ್ತಂಭವಾಗಿ ನಿಲ್ಲಿಸಲಾಗದು. 1846ರಲ್ಲಿ ದಂಗೆಯೆದ್ದವರೆಲ್ಲರೂ ಮೆಕಾನಕಿಯ ಕಾಲದ ಕೈದಿಗಳೂ ಅಲ್ಲ. ಅನೇಕರು ಆಮೇಲೆ ಟಾಸ್ಮೇನಿಯಾದಿಂದ ಬಂದವರು. ಮೆಕಾನಕಿಯೇ ಆದರೂ ಹೋದಲ್ಲೆಲ್ಲ ಗೆದ್ದವನಲ್ಲ. ಅವನು 1849ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸೆರೆಮನೆಯ ಅಧಿಕಾರಿಯಾಗಿ ಎರಡೇ ವರ್ಷಗಳಲ್ಲಿ ಕೆಲಸ ಕಳೆದುಕೊಂಡನು. ತರುವಾಯ ನಡೆದ ವಿಚಾರಣೆಯಲ್ಲಿ, ಅವನ ಕಾಲದಲ್ಲಿಯೂ ಕಾನೂನಿಗೆ ಹೊರತಾದ ಕೆಲವು ಶಿಕ್ಷೆಗಳು ನಡೆದಿದ್ದುವೆಂದು ಹೊರಬಿದ್ದಿತು.

ಇಷ್ಟನ್ನು ಕಳೆದ ಮೇಲೂ ಒಂದು ಸಂಗತಿಯು ಉಳಿಯುತ್ತದೆ. 1840ರ ಫೆಬ್ರವರಿಯಲ್ಲಿ ಆ ದ್ವೀಪದಲ್ಲಿದ್ದ ಹಳಬರೂ, ಅದೇ ವರ್ಷದ ಮೇ 25ರಂದು ಕಹಳೆಯ ಧ್ವನಿಗೆ ತಾವಾಗಿ ಹಿಂದಿರುಗಿದ ಹಳಬರೂ ಅವರೇ. ಅದೇ ಗೋಡೆ, ಅದೇ ಕಡಲು, ಅದೇ ಕಾವಲು. ಮೂರು ತಿಂಗಳಲ್ಲಿ ಸಾವಿರಾರು ಮಂದಿಯ ಸ್ವಭಾವವು ಬದಲಾಗಲಾರದು. ಬದಲಾದದ್ದು ಅವರ ಮುಂದಿಟ್ಟ ಲೆಕ್ಕ. ಹಿಂದೆ ಅವರು ಏನು ಮಾಡಿದರೂ ಫಲವೊಂದೇ ಆಗಿದ್ದಿತು. ಈಗ ಒಳ್ಳೆಯದಕ್ಕೆ ಒಂದು ಫಲ, ಕೆಟ್ಟದ್ದಕ್ಕೆ ಇನ್ನೊಂದು ಫಲ ಎಂದಾಯಿತು. ಹುಟ್ಟುಗುಣ ಸುಟ್ಟರೂ ಹೋಗದೆಂಬ ಗಾದೆಯನ್ನು ನಂಬಿದವರು ಹದಿನೈದು ವರ್ಷ ಸುಟ್ಟು ನೋಡಿದ್ದರು. ಸುಡುವುದನ್ನು ಬಿಟ್ಟು ನೋಡಿದವನಿಗೆ, ಅದು ಹುಟ್ಟುಗುಣವೇ ಅಲ್ಲ, ಬಹುಭಾಗ ಸೆರೆಮನೆಯೇ ಕಲಿಸಿದ ಗುಣವೆಂದು ತಿಳಿಯಿತು.

ಪ್ರತಿಪಕ್ಷದವರ ಒಂದು ಆಕ್ಷೇಪಣೆಗೆ ಮಾತ್ರ ಗೌರವವಾಗಿ ಉತ್ತರ ಹೇಳಬೇಕು. ಕಳ್ಳನಿಗೆ ನಾಟಕವೂ ಪಾನಕವೂ ದೊರೆಯುವುದಾದರೆ, ಕಳ್ಳತನ ಮಾಡದೆ ಹಸಿದಿರುವ ಬಡವನಿಗೆ ಯಾವ ನ್ಯಾಯ? ಶಿಕ್ಷೆಯ ಭಯದಿಂದಲೇ ಸರಿದಾರಿಯಲ್ಲಿರುವವರು ಲೋಕದಲ್ಲಿ ಇಲ್ಲವೇ? ಇದ್ದಾರೆ, ಅದನ್ನು ಅಲ್ಲಗಳೆಯಲಾಗದು. ಆದರೆ ಮೆಕಾನಕಿಯು ಶಿಕ್ಷೆಯನ್ನು ಬಿಡಬೇಕೆಂದು ಎಲ್ಲಿಯೂ ಹೇಳಲಿಲ್ಲ. ಮೊದಲು ಶಿಕ್ಷೆ, ಆಮೇಲೆ ಶಿಕ್ಷಣವೆಂದು ಅವನು ಕ್ರಮವನ್ನು ಹಾಕಿದ್ದನು. ಸ್ವಾತಂತ್ರ್ಯವನ್ನು ಕಳೆದುಕೊಂಡು, ಸಾವಿರ ಮೈಲಿಯ ಕಡಲಿನಾಚೆ ವರ್ಷಗಟ್ಟಲೆ ದುಡಿಯುವುದು ಹಸಿದ ಬಡವನಿಗೂ ಅಸೂಯೆ ಹುಟ್ಟಿಸುವ ಭಾಗ್ಯವಲ್ಲ. ಶಿಕ್ಷೆ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಕಲಿಸುವುದೆಂಬುದೇ ಮೂಲಾರ್ಥ. ದಂಡವೆಂಬ ಅರ್ಥವು ಕನ್ನಡದಲ್ಲಿ ಆಮೇಲೆ ಪ್ರಬಲವಾಯಿತು. ಎರಡು ಅರ್ಥಗಳಲ್ಲಿ ಒಂದು ಇನ್ನೊಂದನ್ನು ನುಂಗದಂತೆ ಕಾಪಾಡುವುದೇ ಇಲ್ಲಿಯ ಕಷ್ಟ.

ಇತ್ತೀಚಿನ ಪರಿಶೋಧನೆಗಳೂ ಇದೇ ದಿಕ್ಕನ್ನು ತೋರಿಸುತ್ತವೆ. 116 ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಮರ್ಶಿಸಿ 2021ರಲ್ಲಿ ಪ್ರಕಟವಾದ ಒಂದು ಲೇಖನದ ಪ್ರಕಾರ, ಸೆರೆವಾಸವಲ್ಲದ ಶಿಕ್ಷೆಗಳೊಡನೆ ಹೋಲಿಸಿದರೆ ಸೆರೆವಾಸವು ಪುನಃ ಅಪರಾಧ ಮಾಡುವುದನ್ನು ಕಡಮೆ ಮಾಡುವುದಿಲ್ಲ; ಒಂದಿಷ್ಟು ಹೆಚ್ಚಿಸುವುದೂ ಉಂಟು. ಆದರೆ ನಾರ್ವೆ ದೇಶವನ್ನು ಕುರಿತು 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಸೆರೆವಾಸದಿಂದ ಪುನರಪರಾಧವು ನಿಜವಾಗಿ ತಗ್ಗಿದ್ದು ಕಂಡುಬಂದಿತು. ತಗ್ಗಿದ್ದು ಯಾರಲ್ಲಿ? ಮೊದಲು ಉದ್ಯೋಗವಿಲ್ಲದೆ ಇದ್ದು, ಸೆರೆಮನೆಯಲ್ಲಿ ಕಸಬಿನ ತರಬೇತಿಯನ್ನು ಪಡೆದು, ಹೊರಬಂದ ಮೇಲೆ ಕೆಲಸಕ್ಕೆ ಸೇರಿದವರಲ್ಲಿ. ಹೀಗಿರಲು, ಸೆರೆಮನೆಯು ಅಪರಾಧವನ್ನು ತಗ್ಗಿಸುವುದೋ ಹೆಚ್ಚಿಸುವುದೋ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಎಂತಹ ಸೆರೆಮನೆ, ಅದರೊಳಗೆ ಕೈದಿಯ ಕೈಗೆ ಏನು ಕೊಟ್ಟಿದೆ ಎಂದು ಮರಳಿ ಕೇಳಬೇಕಾಗುತ್ತದೆ.

ಮೆಕಾನಕಿಯು 1860ರಲ್ಲಿ ತೀರಿಕೊಂಡನು. ಅವನ ಅಂಕಪದ್ಧತಿಯು ಅವನೊಡನೆ ತೀರಿಹೋಗಲಿಲ್ಲ. 1854ರಿಂದ ಐರ್ಲೆಂಡಿನ ಸೆರೆಮನೆಗಳಲ್ಲಿ ವಾಲ್ಟರ್ ಕ್ರಾಫ್ಟನ್ನನು ಅದನ್ನು ಬಳಸಿದನು. 1876ರಲ್ಲಿ ತೆರೆದ ಅಮೆರಿಕದ ಎಲ್ಮೈರಾ ಸುಧಾರಣಾಲಯವೂ ಅದನ್ನು ಅನುಸರಿಸಿತು. ನಮ್ಮ ದೇಶದ ಕಥೆಯು ಬೇರೆ ದಾರಿಯಲ್ಲಿ ತೊಡಗಿತು. ಮೆಕಾಲೆಯ ಸಲಹೆಯಂತೆ ನೇಮಕವಾದ ಸೆರೆಮನೆಗಳ ಸಮಿತಿಯು ವರದಿಯೊಪ್ಪಿಸಿದ್ದೂ ಅದೇ 1838ರಲ್ಲಿ. ಕೈದಿಯ ಮನಸ್ಸನ್ನು ತಿದ್ದುವ ಯೋಚನೆಯನ್ನು ಬದಿಗಿಟ್ಟು, ಬೇಸರ ಹುಟ್ಟಿಸುವ ಕಠಿನವಾದ ದುಡಿಮೆಯನ್ನು ಅದು ಶಿಫಾರಸು ಮಾಡಿತು. ಅದೇ ವರ್ಷ ಅದೇ ಸಾಮ್ರಾಜ್ಯದ ಒಂದು ಮೂಲೆಯಲ್ಲಿ ಆಸೆಯ ವರದಿ, ಇನ್ನೊಂದು ಮೂಲೆಯಲ್ಲಿ ಭಯದ ವರದಿ! ಕೈದಿಯ ಸುಧಾರಣೆಯೇ ಸೆರೆಮನೆಯ ಗುರಿಯೆಂದು ಇಲ್ಲಿ ಅಧಿಕೃತವಾಗಿ ಹೇಳುವುದಕ್ಕೆ 1919-20ರ ಜೈಲು ಸಮಿತಿಯವರೆಗೆ ಕಾಯಬೇಕಾಯಿತು. ಆದರೂ 1894ರ ಕಾರಾಗೃಹಗಳ ಶಾಸನದಲ್ಲಿ, ಅಂಕಗಳನ್ನು ಕೊಡುವುದಕ್ಕೂ ಅದರಂತೆ ಶಿಕ್ಷೆಯನ್ನು ಕಡಮೆ ಮಾಡುವುದಕ್ಕೂ ನಿಯಮಗಳನ್ನು ಮಾಡಬಹುದೆಂಬ ಮಾತು ಸೇರಿತು. ಒಳ್ಳೆಯ ನಡತೆಗಾಗಿ ನಮ್ಮ ಸೆರೆಮನೆಗಳಲ್ಲಿ ಇಂದು ಸಿಗುವ ಶಿಕ್ಷೆಯ ಮಾಫಿಯ ಹಿಂದೆ, ನಾರ್ಫೋಕಿನ ಆ ಅಂಕಗಳ ನೆರಳಿದೆ.

ಆದರೆ ಈ ಮಾಫಿಯ ಬೀಗದ ಕೈಯು ಯಾರ ಕೈಗೆ ಸಿಗುತ್ತದೆ? ಶಿಕ್ಷೆಯಾದವನಿಗೆ ಮಾತ್ರ. ಶಿಕ್ಷೆಯೇ ಆಗದವನಿಗೆ ಕಡಮೆ ಮಾಡುವುದಕ್ಕೆ ಶಿಕ್ಷೆಯೆಲ್ಲಿದೆ? 2022ರ ಡಿಸೆಂಬರ್ 31ರಂದು ಭಾರತದ ಸೆರೆಮನೆಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ಇನ್ನೂ ವಿಚಾರಣೆಯನ್ನು ಎದುರುನೋಡುತ್ತಿದ್ದವರು. ಅರ್ಥಾತ್, ನಾಲ್ವರಲ್ಲಿ ಮೂವರು ಅಪರಾಧಿಗಳೆಂದು ಯಾವ ನ್ಯಾಯಾಲಯವೂ ಆ ಮೊಕದ್ದಮೆಯಲ್ಲಿ ಹೇಳಿರಲಿಲ್ಲ. ನಿರಪರಾಧಿಯೆಂದು ಕಾನೂನು ಭಾವಿಸುವುದರಿಂದ ಅವನಿಗೆ ಕಡ್ಡಾಯದ ಕೆಲಸವಿಲ್ಲ, ಕೆಲಸವಿಲ್ಲದ್ದರಿಂದ ಗಳಿಕೆಯಿಲ್ಲ, ಶಿಕ್ಷೆಯಾಗದ್ದರಿಂದ ಮಾಫಿಯಿಲ್ಲ, ಹೊರಗೆ ಹೋಗುವ ದಿನವು ಗೊತ್ತಿಲ್ಲ. ಅವನು ಒಳ್ಳೆಯವನಾಗಿ ನಡೆದರೂ ಕೆಟ್ಟವನಾಗಿ ನಡೆದರೂ ಲೆಕ್ಕ ಒಂದೇ. ನಾರ್ಫೋಕ್ ದ್ವೀಪದ ಮೊದಲ ಹದಿನೈದು ವರ್ಷಗಳ ಕೈದಿಗಳಿಗೂ ಅವನಿಗೂ ಕೊರಡೆ ಕೋಳಗಳಲ್ಲಿ ವ್ಯತ್ಯಾಸವುಂಟು. ಈ ಒಂದು ವಿಷಯದಲ್ಲಿ ಮಾತ್ರ ವ್ಯತ್ಯಾಸವಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯು, ಮೊದಲನೆಯ ಸಲ ಆರೋಪಕ್ಕೆ ಒಳಗಾದವನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗದಷ್ಟು ಕಾಲವನ್ನು ಸೆರೆಯಲ್ಲಿ ಕಳೆದಿದ್ದರೆ, ಮರಣದಂಡನೆ ಅಥವಾ ಜೀವಾವಧಿಗೆ ಯೋಗ್ಯವಾದ ಆರೋಪಗಳನ್ನು ಬಿಟ್ಟು ಉಳಿದವುಗಳಲ್ಲಿ, ಅವನನ್ನು ಜಾಮೀನು ಪತ್ರದ ಮೇಲೆ ಬಿಡತಕ್ಕದ್ದೆಂದು ಹೇಳುತ್ತದೆ. ಇದು ಒಳ್ಳೆಯದೇ, ಗೊತ್ತಿಲ್ಲದ ಕಡೆ ಒಂದು ದಿನವನ್ನಾದರೂ ಗೊತ್ತುಮಾಡುತ್ತದೆ. ಹೆಸರುಗಳ ಪಟ್ಟಿಯನ್ನು ಹಿಡಿದು ಆ ದಿನವು ಬಂದಿತೆಂದು ನೋಡಿ ಹೇಳುವವರು ಪ್ರತಿಯೊಂದು ಸೆರೆಮನೆಯಲ್ಲಿಯೂ ಇದ್ದರೆ ಮಾತ್ರ ಇದರ ಫಲವು ಕಾಣುವುದು. ಐದು ರಾತ್ರಿಗಳಿಗೊಮ್ಮೆ ಬಂಧನದಲ್ಲಿರುವವರ ಲೆಕ್ಕವನ್ನು ನೋಡೆಂದು ಕೌಟಿಲ್ಯನು ವಿಧಿಸಿದನು. 2022ರ ಆ ಎಣಿಕೆಯ ದಿನ, ಐದು ವರ್ಷಗಳಾದರೂ ವಿಚಾರಣೆ ಮುಗಿಯದೆ ಒಳಗೇ ಇದ್ದವರ ಸಂಖ್ಯೆ ಹನ್ನೊಂದು ಸಾವಿರಕ್ಕೆ ಮೀರಿದ್ದಿತು.